ನುಣುಪು

ಎರಡನೇ ಸಲ ಕತ್ತಿ ಆಡಿಸಬೇಕಿತ್ತೇ? ಒಂದೇ ಸಲಕ್ಕೆ ಬಿಟ್ಟಿದ್ದರೆ? ಅಥವಾ ಆಗಬೇಕಾದದ್ದು ಮೊದಲ ಸಲಕ್ಕೇ ಆಗಿಹೋಗಿತ್ತೇ? ಉಳಿದವರಿಗೆಲ್ಲ ಒಂದೇ ಸಲ ಮಾಡುತ್ತಿದ್ದೆನಲ್ಲ, ಅವರೆಲ್ಲ ಹೊಲಿಗೆ ಬಿಚ್ಚಿಸಿಕೊಂಡು ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋದರಲ್ಲ. ಎಲ್ಲರೂ ಹೋದರೇ? ಮನೆಗೆ ಹೋದ ಮೇಲೆ ಏನಾಯಿತೆಂದು ಕ್ಷೌರದವನಿಗೆ ಯಾರು ಬಂದು ಹೇಳುತ್ತಾರೆ?

ಅವನು ಆಸ್ಪತ್ರೆಯ ತರಬೇತಿ ಕೋಣೆಯ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದ. ಎದುರಿನ ಪರದೆಯ ತುಂಬ ಎಷ್ಟೋ ಪಟ್ಟು ಹಿಗ್ಗಿಸಿದ ಒಂದು ಚಿತ್ರವಿತ್ತು. ಬಿರುಕುಬಿಟ್ಟ, ಅಲ್ಲಲ್ಲಿ ಸಿಪ್ಪೆ ಎದ್ದ ನೆಲದ ಹಾಗೆ ಕಾಣುತ್ತಿದ್ದ ಅದು ಮನುಷ್ಯನ ಚರ್ಮವೆಂದು, ಸೋಂಕು ತಡೆಯುವ ವಿಭಾಗದ ಸಿಸ್ಟರ್ ಕೋಲಿಟ್ಟು ತೋರಿಸುವವರೆಗೂ ಯಾರಿಗೂ ಹೊಳೆದಿರಲಿಲ್ಲ. ಆಗತಾನೇ ಕ್ಷೌರ ಮಾಡಿದ ಚರ್ಮ.

ಅವನು ಈ ಆಸ್ಪತ್ರೆಯ ಕ್ಷೌರಿಕ. ಆಪರೇಷನ್ನಿಗೆ ಹೋಗುವವರ ಹೊಟ್ಟೆಯೋ ಎದೆಯೋ ತೊಡೆಯೋ, ಎಲ್ಲಿ ಕೊಯ್ಯುತ್ತಾರೋ ಅಲ್ಲಿನ ಕೂದಲು ತೆಗೆಯುವುದು ಅವನ ಕೆಲಸ. ಕೂದಲಿನಲ್ಲಿ ಕೊಳೆ ಇರುತ್ತದೆ, ಕೂದಲು ಹೋದರೆ ಕೊಳೆ ಹೋಯಿತು ಎಂದು ಸೇರಿದ ಹೊಸದರಲ್ಲಿ ಹೇಳಿಕೊಟ್ಟಿದ್ದರು. ಅವನು ಅದನ್ನು ನಂಬಿ, ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿಕೊಂಡು ಬಂದಿದ್ದ. ಅವನು ಮುಟ್ಟಿದ ಮೈಮೇಲೆ ಬೆರಳು ನಿಲ್ಲುವುದಿಲ್ಲ ಎಂದು ಹಿಂದೆ ಯಾರೋ ಸರ್ಜನ್ ‘ನುಣುಪಣ್ಣ’ ಎಂದು ಕರೆದದ್ದು ಹಾಗೇ ಅಂಟಿಕೊಂಡು, ಈಗ ಸಂಬಳದ ಕಚೇರಿಯವರಿಗೂ ಅವನ ಸ್ವಂತ ಹೆಸರು ತಟ್ಟನೆ ನೆನಪಾಗುತ್ತಿರಲಿಲ್ಲ.

“ಕಣ್ಣಿಗೆ ನುಣ್ಣಗೆ ಕಾಣತ್ತೆ,” ಸಿಸ್ಟರ್ ಹೇಳುತ್ತಿದ್ದರು. “ಆದ್ರೆ ಬ್ಲೇಡು ಬರೀ ಕೂದಲು ತೆಗೆದು ಸುಮ್ನಾಗಲ್ಲ, ಚರ್ಮದ ಮೇಲ್ಪದರಾನೂ ಕೆರೆದುಬಿಡತ್ತೆ. ಈ ಗೀರುಗಳು ನಮ್ಮ ಕಣ್ಣಿಗೆ ಬೀಳಲ್ಲ. ರಕ್ತ ಬರ್ಬೇಕು ಅಂತಾನೂ ಇಲ್ಲ. ಕ್ರಿಮಿಗಳಿಗೆ ಇಷ್ಟು ಬಾಗಿಲು ಬೇಕಾದಷ್ಟಾಯ್ತು.”

“ಹಾಗಾದ್ರೆ ನಮ್ಮ ನುಣುಪಣ್ಣ ಇಷ್ಟು ವರ್ಷ ಬಾಗಿಲು ತೆಗೆಯೋ ಕೆಲಸ ಮಾಡ್ತಿದ್ರಾ?” ಎಂದಳು ಹಿಂದಿನ ಸಾಲಿನ ಆಯಾ. ಕೋಣೆ ಗೊಳ್ಳೆಂದಿತು.

“ನಗ್ಬೇಡಿ. ತೆಗೀರಿ ಅಂತ ಹೇಳ್ಕೊಟ್ಟಿದ್ದು ನಾವೇ,” ಎಂದರು ಸಿಸ್ಟರ್. “ಇವತ್ತಿಂದ ಬ್ಲೇಡು ಮುಟ್ಟೋ ಹಾಗಿಲ್ಲ. ಕೂದಲು ಅಡ್ಡ ಬರದಿದ್ರೆ ಹಾಗೇ ಇರ್ಲಿ, ತೆಗೆಯೋದೇ ಬೇಡ. ಅಡ್ಡ ಬಂದ್ರೆ ಈ ಟ್ರಿಮ್ಮರ್. ಅದೂ ಥಿಯೇಟರಿಗೆ ಹೋಗೋಕೆ ಸ್ವಲ್ಪ ಮುಂಚೆ.”

“ಅಣ್ಣಾ, ಇನ್ಮೇಲೆ ನಿನ್ನ ಗುಂಯ್ಯಣ್ಣ ಅಂತ ಕರೀಬೇಕಾಗತ್ತೆ,” ಎಂದ ಪಕ್ಕದ ಆಂಬುಲೆನ್ಸ್ ಡ್ರೈವರು, ಮೆಷಿನ್ನಿನ ಸದ್ದು ಮಾಡಿ ತೋರಿಸುತ್ತ. ಅವನೂ ನಕ್ಕ. ಅಂಥ ಹೊತ್ತಿನಲ್ಲಿ ನಗದಿದ್ದರೆ ಜನ ಮುಖ ನೋಡುತ್ತಾರೆ.

ಎಲ್ಲರೂ ಎದ್ದುಹೋದ ಮೇಲೆ ಅವನು ಪರದೆಯ ತಂತಿ ಸುತ್ತುತ್ತಿದ್ದ ಸಿಸ್ಟರ್ ಬಳಿ ಹೋದ.

“ಸಿಸ್ಟರ್, ಒಂದು ಮಾತು. ಹಿಂದಿನ ದಿನ ಸಂಜೇನೇ ಮಾಡಿಟ್ಟಿದ್ರೆ?”

“ಅದಿನ್ನೂ ಕೆಟ್ಟದ್ದು. ಬೆಳಗಾಗೋವರೆಗೆ ಆ ಗೀರುಗಳಲ್ಲಿ ಕ್ರಿಮಿ ಬೆಳ್ಕೊಂಡು ಕೂತಿರ್ತಾವೆ.”

“ಎರಡು ಸಲ ಆಡಿಸಿದ್ರೆ? ಒಂದು ಸಲ ಕೂದಲಿನ ಜೊತೆಗೆ, ಇನ್ನೊಂದು ಸಲ ಎದುರಿಗೆ?”

ಸಿಸ್ಟರ್ ತಂತಿ ಸುತ್ತುವುದನ್ನು ನಿಲ್ಲಿಸಿದರು. “ಯಾರಿಗೆ ಮಾಡಿದ್ರಿ ಹಾಗೆ?”

“ಯಾರಿಗೂ ಇಲ್ಲ. ಸುಮ್ನೆ ಕೇಳ್ದೆ.”

“ನೋಡಿ ನುಣುಪಣ್ಣ, ಒಬ್ರಿಗೆ ಸೋಂಕಾದ್ರೆ ಅದು ಇಂಥವರಿಂದಲೇ ಆಯ್ತು ಅಂತ ಬೆರಳು ಮಾಡಿ ತೋರ್ಸೋಕೆ ಯಾರಿಂದಲೂ ಆಗಲ್ಲ. ಬ್ಲೇಡಿರತ್ತೆ, ಥಿಯೇಟರಿರತ್ತೆ, ನಮ್ಮ ಕೈಗಳಿರತ್ವೆ, ರೋಗಿ ಮೈಮೇಲೇ ಕ್ರಿಮಿ ಇರತ್ತೆ, ಮನೆ ಇರತ್ತೆ. ತಲೆಗೆ ಹಚ್ಕೋಬೇಡಿ.”

ಸಮಾಧಾನದ ಮಾತೇ. ಸಿಸ್ಟರ್ ಒಂದೇ ಉಸಿರಿನಲ್ಲಿ ಅಷ್ಟು ಹೆಸರು ಹೇಳಿ ಮನೆಯನ್ನು ಕೊನೆಗೆ ಇಟ್ಟಿದ್ದರು. ಅವನ ಅಣ್ಣನ ವಿಷಯದಲ್ಲಿ ಮಾತ್ರ ಎಲ್ಲರೂ ಉಳಿದದ್ದನ್ನೆಲ್ಲ ಬಿಟ್ಟು ಮನೆಯೊಂದನ್ನೇ ಹಿಡಿದುಕೊಂಡಿದ್ದರು. ಮನೆ ಎಂದರೆ ಅತ್ತಿಗೆ.

ಅಣ್ಣ ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಕೆಲಸಕ್ಕಿದ್ದ. ಇಕ್ಕಟ್ಟಿನ ಮೆಟ್ಟಿಲಲ್ಲಿ ಫ್ರಿಜ್ಜು ತಿರುಗಿಸುವುದು, ಗೋಡೆಗೆ ಗೀರು ಬೀಳದಂತೆ ಬೀರು ಇಳಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಹೊತ್ತೂ ಹೊತ್ತೂ ಹರ್ನಿಯಾ ಆಯಿತು. “ಊರಿನೋರನ್ನೆಲ್ಲ ಮನೆ ಖಾಲಿ ಮಾಡಿಸಿದ್ದು ನೋಡಿ ನನ್ನ ಕರುಳೂ ಗಂಟುಮೂಟೆ ಕಟ್ಟಿದೆ ಕಣೋ,” ಎಂದು ತಮ್ಮನಿಗೆ ತೋರಿಸಿ ನಕ್ಕಿದ್ದ. ತಮ್ಮನೇ ಹಟ ಹಿಡಿದು ತನ್ನ ಆಸ್ಪತ್ರೆಗೆ ಸೇರಿಸಿದ. ಸಣ್ಣ ಆಪರೇಷನ್, ಎಲ್ಲ ನಮ್ಮವರೇ, ನಾನಿರುತ್ತೇನೆ ಎಂದ.

ಆಪರೇಷನ್ನಿನ ಹಿಂದಿನ ಸಂಜೆ ಕೆಲಸ ಮುಗಿದ ಮೇಲೆ ಅವನು ಅಣ್ಣನ ಮಂಚದ ಸುತ್ತ ಪರದೆ ಎಳೆದ. ಬೆಳಗಿನ ಗಡಿಬಿಡಿಯಲ್ಲಿ ಸಾಲಿನಲ್ಲಿ ಒಬ್ಬನಂತೆ ಅಣ್ಣನನ್ನು ಮುಗಿಸಿ ಕಳಿಸಲು ಅವನಿಗೆ ಮನಸ್ಸಿರಲಿಲ್ಲ. ಬಿಸಿನೀರು ತಂದ, ಹೊಸ ಬ್ಲೇಡು ಒಡೆದ, ನೊರೆ ಹಚ್ಚಿದ. ಅಣ್ಣನಿಗೆ ಚಿಕ್ಕಂದಿನಿಂದಲೂ ಹೊಟ್ಟೆ ಮುಟ್ಟಿದರೆ ಕಚಗುಳಿ. ಮಂಚ ಅಲುಗುವಷ್ಟು ನಕ್ಕ.

“ಅಲುಗ್ಬೇಡ್ವೋ ಮಾರಾಯ, ಕತ್ತಿ ಇದೆ ಕೈಲಿ.”

“ಮದುವೆ ದಿನ ಕೂಡ ನನಗೆ ಇಷ್ಟು ಉಪಚಾರ ಆಗಿರ್ಲಿಲ್ಲ. ಏ, ನೋಡೇ ಇಲ್ಲಿ,” ಎಂದು ಪರದೆಯ ಆಚೆ ಕೂತಿದ್ದ ಹೆಂಡತಿಯನ್ನು ಕರೆದ ಅಣ್ಣ. “ನಿನ್ನ ಮೈದುನ ನನ್ನ ಹೊಟ್ಟೇನ ಕನ್ನಡಿ ಮಾಡ್ತಿದಾನೆ. ಬಂದು ತಲೆ ಬಾಚ್ಕೋ.”

“ಮೊದಲು ಅದರಲ್ಲಿ ನಿಮ್ಮ ಮುಖ ನೋಡ್ಕೊಳ್ಳಿ,” ಎಂದಿದ್ದಳು ಅತ್ತಿಗೆ.

ಒಂದು ಸುತ್ತು ಮುಗಿದಾಗ ಅವನು ಅಂಗೈ ಆಡಿಸಿ ನೋಡಿದ. ಬೇರೆಯವರಿಗಾದರೆ ಅಷ್ಟು ಸಾಕಿತ್ತು. ಅಣ್ಣನಿಗೆ ಸಾಲದೆನಿಸಿತು. ಮತ್ತೆ ನೊರೆ ಹಚ್ಚಿ, ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಕೂದಲಿನ ಎದುರು ದಿಕ್ಕಿಗೆ ಇನ್ನೊಂದು ಸಲ ಎಳೆದ. ಕೆಲವು ಕಡೆ ಸೂಜಿಮೊನೆಯಷ್ಟು ಕೆಂಪು ಒಸರಿತು. ಪಟಿಕದ ಕಲ್ಲು ಒದ್ದೆ ಮಾಡಿ ತೀಡಿದ. ಅಣ್ಣ ಹಲ್ಲು ಕಚ್ಚಿ “ಉರಿ ಕಣೋ ಪಾಪಿ” ಎಂದ. ಆಮೇಲೆ ತಾನೇ ಮುಟ್ಟಿ ನೋಡಿಕೊಂಡು, “ಭೇಷ್” ಎಂದ.

ಆಪರೇಷನ್ ಚೆನ್ನಾಗಿ ಆಯಿತೆಂದರು. ಅಣ್ಣ ಮನೆಗೆ ಹೋದ. ವಾರ ಕಳೆಯುವ ಮೊದಲೇ ಗಾಯದ ಸುತ್ತ ಕೆಂಪೇರಿ ಜ್ವರ ಬಂತು. ಮರಳಿ ಕರೆತಂದಾಗ ಗಾಯ ಬಿಚ್ಚಿಕೊಂಡಿತ್ತು, ಕೀವು ಒಳಗೆ ಇಳಿದಿತ್ತು. ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಬೀರು ಹೊರುತ್ತಿದ್ದ ಮನುಷ್ಯ ಲೋಟ ಎತ್ತಲಾರದೆ ಹೋದ. ಸೋಂಕು ರಕ್ತಕ್ಕೆ ಸೇರಿದೆ ಎಂದ ಮೇಲೆ ಹೆಚ್ಚು ಕಾಲ ಇರಲಿಲ್ಲ.

ಆ ದಿನಗಳಲ್ಲಿ ವಾರ್ಡಿನ ಡಾಕ್ಟರು ಅತ್ತಿಗೆಯನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರು. “ಮನೇಲಿ ಪಟ್ಟಿ ಬಿಚ್ಚಿದ್ರಾ?” ಅತ್ತಿಗೆ ಹೌದೆಂದಳು. ಸೆಕೆಗೆ ಒದ್ದೆಯಾಗಿತ್ತು, ಒಂದು ಸಲ ಬದಲಿಸಿದೆ, ಕೈ ತೊಳೆದುಕೊಂಡೇ ಬದಲಿಸಿದೆ. ಡಾಕ್ಟರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು. ಅವರಿಗೆ ಅದು ದಿನಕ್ಕೆ ಎಷ್ಟೋ ಸಲ ಕೇಳುವ ಪ್ರಶ್ನೆ, ಕೇಳಿದ ಮರುಗಳಿಗೆ ಮರೆತಿರಬೇಕು. ಪಕ್ಕದಲ್ಲಿದ್ದ, ಅಣ್ಣತಮ್ಮಂದಿರಿಬ್ಬರಿಗೂ ಹಿರಿಯಳಾದ ದೊಡ್ಡಕ್ಕ ಮರೆಯಲಿಲ್ಲ. ಮಣ್ಣು ಮಾಡಿ ಬಂದ ದಿನ, ಮನೆ ತುಂಬ ನೆಂಟರಿದ್ದಾಗ, “ಡಾಕ್ಟರಿಗೆ ಗೊತ್ತಿರ್ಲಿಲ್ವಾ ಯಾವಾಗ ಬಿಚ್ಚಬೇಕು ಅಂತ? ಇವಳಿಗೆ ಯಾರು ಹೇಳಿದ್ರು? ಕೈಯಾರೆ ಕಳ್ಕೊಂಡ್ಳು,” ಎಂದು ಅತ್ತಳು. ಅತ್ತಿಗೆ ಗೋಡೆಗೆ ಒರಗಿ ಕೂತು ತನ್ನ ಕೈಗಳನ್ನು ನೋಡಿಕೊಂಡಳು. ಯಾರೂ ದೊಡ್ಡಕ್ಕನ ಬಾಯಿ ಮುಚ್ಚಿಸಲಿಲ್ಲ. ಅವನೂ ಮುಚ್ಚಿಸಲಿಲ್ಲ. ಆಗ ಅವನಿಗೆ ಬೇರೆ ಏನೂ ಗೊತ್ತಿರಲಿಲ್ಲ. ದುಃಖದಲ್ಲಿ ಆಡಿದ ಮಾತು, ತಾನಾಗಿ ಆರುತ್ತದೆ ಅಂದುಕೊಂಡ.

ಅದು ಆರಲಿಲ್ಲ. ಅತ್ತಿಗೆ ತೊಳೆಯಲು ಶುರುಮಾಡಿದಳು. ಬಾಗಿಲ ಬಳಿ ಬಕೆಟ್ಟು, ಸೋಪು ಬಂದವು. ಚಮಚಗಳು ಕುದಿಯತೊಡಗಿದವು. ಬಾಗಿಲ ಚಿಲಕ, ಸ್ವಿಚ್ಚು, ನಲ್ಲಿಯ ತಿರುಪು, ಎಲ್ಲದಕ್ಕೂ ಒದ್ದೆ ಬಟ್ಟೆ. ತೊಳೆದ ಕೈ ನಲ್ಲಿ ಮುಟ್ಟಿತೆಂದು ಮತ್ತೆ ತೊಳೆಯುವಳು. ಚರ್ಮ ಗಂಟುಗಂಟಿನಲ್ಲಿ ಒಡೆದು ಕೆಂಪಾಗಿತ್ತು. ಮೊದಮೊದಲು ನೆಂಟರು ತಮಾಷೆ ಮಾಡಿದರು, ಆಮೇಲೆ ಬರುವುದನ್ನು ಕಡಿಮೆ ಮಾಡಿದರು. ಅವನು ಮಾತ್ರ ಹೋಗುತ್ತಿದ್ದ, ಬಾಗಿಲಲ್ಲಿ ಕೈ ತೊಳೆದೇ ಒಳಗೆ ಕಾಲಿಡುತ್ತಿದ್ದ.

ಈಗ ಅಣ್ಣನ ಮಗಳು ಹೆತ್ತಿದ್ದಳು. ಮಗುವಿಗೆ ಕತ್ತು ನಿಲ್ಲುವ ಮೊದಲೇ ಅವಳು ಕೆಲಸಕ್ಕೆ ಮರಳಬೇಕಿತ್ತು. ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಲೆಂದೇ ಬಂದಿದ್ದಳು. ಬಂದಾಗಿನಿಂದ ಅಜ್ಜಿ ಮೊಮ್ಮಗಳನ್ನು ಒಂದು ಸಲವೂ ಮುಟ್ಟಿರಲಿಲ್ಲ. ದೂರ ನಿಂತು ನೋಡುವುದು, ಬಟ್ಟೆ ಕುದಿಸುವುದು, ಅಷ್ಟೇ. ಹಿಂದಿನ ದಿನ ಮಗಳು ಚಿಕ್ಕಪ್ಪನಿಗೆ ಫೋನ್ ಮಾಡಿದ್ದಳು. “ನಾಳೆ ಮಧ್ಯಾಹ್ನ ಹೊರಡ್ತೀನಿ ಚಿಕ್ಕಪ್ಪ. ನೀವು ಬಂದು ಹೇಳಿ. ನೀವು ಆಸ್ಪತ್ರೆಯೋರು, ನಿಮ್ಮ ಮಾತಾದ್ರೂ ಕೇಳ್ತಾಳೇನೋ.”

ತರಬೇತಿ ಮುಗಿಸಿ ಅವನು ನೇರ ಅಲ್ಲಿಗೇ ಹೋದ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡ. ಅತ್ತಿಗೆ, ಇವತ್ತು ನಮಗೊಂದು ವಿಷಯ ಹೇಳಿದ್ರು. ಅಲ್ಲ, ಹೀಗೆ ಬೇಡ. ಅತ್ತಿಗೆ, ಆವತ್ತು ಸಂಜೆ ನಾನು ಮಾಡಿದ್ನಲ್ಲ. ಬಸ್ಸಿನ ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಅವನಿಗೆ ಟಿಕೆಟ್ಟಿನ ನೆನಪಾಯಿತು.

ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಕಟ್ಟಿದ ಚೀಲಗಳು. ಮಗಳು ಕುರ್ಚಿಯಲ್ಲಿ ಮಗುವನ್ನು ತಟ್ಟುತ್ತ ಕೂತಿದ್ದಳು. ಅತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ, ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು.

“ಬಾಪ್ಪಾ. ಕೈ ತೊಳ್ದ್ಯಾ?”

“ತೊಳ್ದೆ ಅತ್ತಿಗೆ. ನೀವು ತೊಳೆದಿದ್ದು ಸಾಕು. ಕೈ ನೋಡಿ ಹೇಗಾಗಿದೆ. ಹೀಗೆ ಒಡೆದ್ರೆ ಆ ಬಿರುಕಲ್ಲೇ ಕ್ರಿಮಿ ಕೂರತ್ತೆ ಅಂತಾರೆ.”

ಧೈರ್ಯ ಹೇಳಲೆಂದು ಆಡಿದ ಮಾತು. ಅತ್ತಿಗೆ ಕೈಗಳನ್ನು ಸರಕ್ಕನೆ ಬೆನ್ನ ಹಿಂದೆ ಅಡಗಿಸಿಕೊಂಡಳು. “ನೋಡ್ದೇನೇ? ನಾನು ಹೇಳ್ಲಿಲ್ವಾ?” ಎಂದಳು ಮಗಳಿಗೆ.

ಮಗಳು ಕಣ್ಣಲ್ಲೇ ಚಿಕ್ಕಪ್ಪನನ್ನು ಗದರಿಸಿದಳು. “ಚಿಕ್ಕಪ್ಪ, ಆಸ್ಪತ್ರೇಲಿ ಡಾಕ್ಟ್ರು ತೊಳ್ಕೊತಾರಲ್ಲ, ಹಾಗೆ ತೋರಿಸಿ. ಅದೇ ಥರ ತೊಳ್ದು ಒಂದು ಸಲ ಎತ್ಕೊಳ್ಲಿ. ಅದಕ್ಕಿಂತ ಶುದ್ಧ ಇನ್ನೇನಿದೆ? ಅವರೇ ಹೊಟ್ಟೆ ಒಳಗೆ ಕೈ ಹಾಕ್ತಾರೆ, ಅಮ್ಮ ಮಗೂನ ಎತ್ಕೋಬಾರ್ದಾ?”

“ಹೌದು, ತೋರಿಸ್ತೀನಿ ಬನ್ನಿ ಅತ್ತಿಗೆ,” ಎಂದ ಅವನು. ಹೇಳಬೇಕೆಂದು ಬಂದದ್ದಕ್ಕಿಂತ ಇದು ಸುಲಭವಾಗಿತ್ತು.

ಇಬ್ಬರೂ ನಲ್ಲಿಯ ಮುಂದೆ ನಿಂತರು. ಅಂಗೈಗೆ ಅಂಗೈ ಉಜ್ಜುವುದು, ಒಂದು ಕೈಯ ಬೆನ್ನಿಗೆ ಇನ್ನೊಂದು ಅಂಗೈ, ಬೆರಳ ಸಂದಿಗೆ ಬೆರಳು, ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುವುವುದು, ಉಗುರುಗಳನ್ನು ಅಂಗೈಗೆ ತಿಕ್ಕುವುದು. ಅತ್ತಿಗೆ ಶಾಲೆಯ ಹುಡುಗಿಯಂತೆ ಅವನ ಕೈಯನ್ನೇ ನೋಡುತ್ತ ಅದೇ ರೀತಿ ಮಾಡಿದಳು. ಸೋಪು ಬಿರುಕಿಗೆ ತಾಗಿ ಉರಿದಾಗ ಮೂಗು ಸಿಂಡರಿಸಿದಳು, ನಿಲ್ಲಿಸಲಿಲ್ಲ. “ಹೆಬ್ಬೆಟ್ಟು ನಾನು ಯಾವತ್ತೂ ಹೀಗೆ ತೊಳ್ದೇ ಇಲ್ಲ ನೋಡು,” ಎಂದು ಸ್ವಲ್ಪ ನಕ್ಕಳು ಕೂಡ. ಮಗಳು ಮಗುವನ್ನು ಎದೆಗವುಚಿಕೊಂಡು ಹೊಸ್ತಿಲವರೆಗೆ ಬಂದು ನಿಂತಳು. ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು. ಇನ್ನು ಎರಡು ಹೆಜ್ಜೆ. ಎತ್ತಿಕೊಂಡೇ ಬಿಡುತ್ತಾಳೆ ಎನಿಸಿತು ಅವನಿಗೆ; ಹಾಗಾದರೆ ನಾನು ಏನೂ ಹೇಳಬೇಕಾಗಿಲ್ಲ ಎಂದೂ ಅನಿಸಿತು.

ಅತ್ತಿಗೆ ಒದ್ದೆ ಕೈಗಳನ್ನು ಮೇಲೆತ್ತಿ ಹಿಡಿದು ಅತ್ತಿತ್ತ ನೋಡಿದಳು. ಕಟ್ಟೆಯ ಮೇಲಿದ್ದ ಬಟ್ಟೆಯ ಕಡೆ ಅವಳ ಕೈ ಹೋಯಿತು.

“ಅದು ಬೇಡ,” ಎಂದ ಅವನು, ಆಸ್ಪತ್ರೆಯ ಅಭ್ಯಾಸದಿಂದ. “ಒಗೆದು ಒಣಗಿಸಿದ್ದು ತೊಗೊಳ್ಳಿ. ಉಪಯೋಗಿಸಿದ್ದರಲ್ಲಿ ಒರೆಸಿದ್ರೆ ತೊಳೆದಿದ್ದೆಲ್ಲ ದಂಡ.”

ಅತ್ತಿಗೆಯ ಕೈ ಅಲ್ಲೇ ನಿಂತಿತು.

“ದಂಡ ಅಂದ್ರೆ?”

“ಅಂದ್ರೆ... ಬಟ್ಟೇಲಿರೋದು ಮತ್ತೆ ಕೈಗೆ ಬರತ್ತಲ್ಲ, ಅದಕ್ಕೆ.”

ಅವಳು ಆ ಬಟ್ಟೆಯನ್ನೇ ನೋಡುತ್ತ ಹೇಳಿದಳು. “ಆವತ್ತು ಕೈ ತೊಳ್ಕೊಂಡೆ. ಚೆನ್ನಾಗೇ ತೊಳ್ಕೊಂಡೆ. ಆಮೇಲೆ ಅಡುಗೆಮನೆ ಬಟ್ಟೇಲಿ ಒರೆಸ್ಕೊಂಡೆ. ಒರೆಸ್ಕೊಂಡು ಪಟ್ಟಿ ಬಿಚ್ದೆ.”

“ಅಮ್ಮಾ, ಈಗ ಯಾಕಮ್ಮ ಅದು?” ಎಂದಳು ಮಗಳು.

“ನೀನು ಸುಮ್ನಿರು.” ಅತ್ತಿಗೆ ಅವನ ಕಡೆ ತಿರುಗಿದಳು. ಮುಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. “ನೀನು ಹೇಳಪ್ಪ. ನೀನು ಅಲ್ಲೇ ಇರೋನು, ನಿನಗೆ ಗೊತ್ತಿರತ್ತೆ. ಅಕ್ಕ ಹೇಳಿದ್ದು ಬಿಡು, ಅವರ ಬಾಯಿ ನನಗೆ ಗೊತ್ತು. ನೀನು ನಿಜ ಹೇಳು. ನನ್ನಿಂದಲೇ ಆಯ್ತಾ?”

ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಇವಳ ತಲೆಯ ಮೇಲಿರುವುದರಲ್ಲಿ ಅರ್ಧವನ್ನಾದರೂ ಇಳಿಸಿ ತನ್ನ ತಲೆಗೆ ಇಟ್ಟುಕೊಳ್ಳಬಹುದು. ಅದು ಅವನದ್ದೇ ಪಾಲು, ದಾನವೇನೂ ಅಲ್ಲ.

“ಅದು... ಯಾರಿಂದ ಅಂತ ಯಾರಿಗೂ ಹೇಳೋಕಾಗಲ್ಲ ಅತ್ತಿಗೆ. ಸಿಸ್ಟರೂ ಅದೇ ಅಂದ್ರು.”

“ಹಾಗಾದ್ರೆ ನನ್ನಿಂದಲೂ ಆಗಿರಬಹುದು.”

“ಬೇರೆ ಕಡೆಯಿಂದಲೂ ಬಂದಿರಬಹುದು.”

“ಬೇರೆ ಎಲ್ಲಿಂದ?”

ಅವನು ಬಾಯಿ ತೆರೆದ. ಅತ್ತಿಗೆ ಕಾಯಲಿಲ್ಲ, ತಾನೇ ತಲೆಯಾಡಿಸಿದಳು.

“ಆಸ್ಪತ್ರೇಲಿ ಏನೂ ಕಮ್ಮಿ ಆಗ್ಲಿಲ್ಲ. ನಾನೇ ಕೂತು ನೋಡಿದೀನಲ್ಲ. ನೀನಂತೂ ಕೂಸನ್ನ ನೋಡ್ಕೊಂಡ ಹಾಗೆ ನೋಡ್ಕೊಂಡೆ. ಆವತ್ತು ಸಂಜೆ ಎಷ್ಟು ಚೆನ್ನಾಗಿ ಮಾಡಿದ್ದೆ, ಬಿಸಿನೀರು ತಂದು, ಎರಡೆರಡು ಸಲ. ಮನೆಗೆ ಬಂದ ಮೇಲೂ ಹೇಳ್ತಿದ್ರು, ನನ್ನ ತಮ್ಮನ ಕೈ ಬಂಗಾರ ಅಂತ. ಆ ಒಂದು ನೆನಪಲ್ಲೇ ನಾನು ಸಮಾಧಾನ ಮಾಡ್ಕೊಳ್ಳೋದು. ಅಲ್ಲಿವರೆಗೆ ಎಲ್ಲ ಸರಿಯಾಗೇ ಇತ್ತು. ಮನೆಗೆ ಬಂದ ಮೇಲೆ ತಾನೇ ಕೆಟ್ಟಿದ್ದು?”

ಅವನು ನಲ್ಲಿ ನಿಲ್ಲಿಸಿದ. ಅದು ಆಗಲೇ ನಿಂತಿತ್ತು. ತಿರುಪನ್ನು ಇನ್ನಷ್ಟು ಬಿಗಿ ಮಾಡಿದ, ಅಷ್ಟೇ. ಈ ಮನೆಯಲ್ಲಿ ಅಣ್ಣನದ್ದೆಂದು ಉಳಿದಿರುವ ಒಳ್ಳೆಯ ನೆನಪು ಅದೊಂದೇ ಇರುವಾಗ ಅದನ್ನೂ ಒಡೆಯಲೇ ಎಂದು ತನಗೆ ತಾನು ಕೇಳಿಕೊಂಡ. ಕೇಳಿಕೊಳ್ಳುವಾಗಲೇ ಅದು ಪೂರ್ತಿ ನಿಜವಲ್ಲವೆಂದೂ ಗೊತ್ತಿತ್ತು. ಬಂಗಾರ ಎಂಬ ಮಾತನ್ನು ಬಿಟ್ಟುಕೊಡಲು ಅವನಿಗೇ ಮನಸ್ಸಾಗಲಿಲ್ಲ.

“ಚಿಕ್ಕಪ್ಪ, ಏನಾದ್ರೂ ಹೇಳಿ,” ಎಂದಳು ಮಗಳು.

“ಏನು ಹೇಳ್ಲಿ ಪುಟ್ಟ. ಅವರಿಗೆ ಸ್ವಲ್ಪ ಟೈಮ್ ಬೇಕು.”

ಮಗಳು ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಮಗುವಿಗೆ ಟೋಪಿ ಹಾಕಿ, ಶಾಲು ಸುತ್ತಿದಳು. ಟ್ಯಾಕ್ಸಿ ಬಂತು. ಅವನು ಚೀಲಗಳನ್ನು ಕೆಳಗಿಳಿಸಿದ. ಅತ್ತಿಗೆ ಮೆಟ್ಟಿಲ ಕೊನೆಯವರೆಗೆ ಬಂದಳು. ಟ್ಯಾಕ್ಸಿಯ ಕಿಟಕಿಯಲ್ಲಿ ಮಗಳು ಮಗುವಿನ ಮುಖವನ್ನು ಅಮ್ಮನ ಕಡೆ ತಿರುಗಿಸಿ ಹಿಡಿದಳು. ಅತ್ತಿಗೆ ಬಗ್ಗಿ ನೋಡಿದಳು, ಗಾಜಿನಿಂದ ಮೊಳ ದೂರದಲ್ಲಿ. “ಅವರ ಹಣೆ,” ಎಂದಳು. “ಹಣೆ ಥೇಟ್ ಅವರದ್ದೇ.”

ಟ್ಯಾಕ್ಸಿ ತಿರುವಿನಲ್ಲಿ ಮರೆಯಾಯಿತು. ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಅವಳು ಬಾಗಿಲ ಬಳಿಯ ಬಕೆಟ್ಟಿನಲ್ಲಿ ಕೈ ತೊಳೆದಳು, ಅವನು ತೋರಿಸಿಕೊಟ್ಟ ಹಾಗೆಯೇ, ಹೆಬ್ಬೆರಳನ್ನೂ ಬಿಡದೆ. ಅವನು ಪಕ್ಕದಲ್ಲಿ ನಿಂತು, ಮುಗಿಯುವವರೆಗೆ ಕಾದ.

“ಕೂತ್ಕೋ, ಏನಾದ್ರೂ ಕುಡ್ಕೊಂಡು ಹೋಗು,” ಎಂದಳು.

ಅವನು ಕೂತ. ಅವಳು ಲೋಟವನ್ನು ಕುದಿವ ನೀರಿನಿಂದ ಇಕ್ಕಳದಲ್ಲಿ ಎತ್ತಿ ಅವನ ಮುಂದಿಟ್ಟಳು. ಮಗುವಿನ ಹಣೆಯ ಬಗ್ಗೆ ಇನ್ನೊಂದು ಸಲ ಹೇಳಿದಳು. ಅವನು ಹೌದೆಂದ.

ಆಮೇಲೂ ಅವನು ಬಿಡದೆ ಆ ಮನೆಗೆ ಹೋಗುತ್ತಿದ್ದ. ಒಡೆದ ಕೈಗೆ ಮುಲಾಮು ಒಯ್ಯುತ್ತಿದ್ದ, ಕೆಟ್ಟ ಬಲ್ಬು ಬದಲಿಸುತ್ತಿದ್ದ, ಮಗಳು ಫೋನಿನಲ್ಲಿ ಕಳಿಸಿದ ಮಗುವಿನ ಫೋಟೋಗಳನ್ನು ಅತ್ತಿಗೆಯ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಮಾತಾಡಲು ಹೊತ್ತು ಬೇಕಾದಷ್ಟಿತ್ತು. ನನ್ನ ಕೈಯಿಂದಲೂ ಆಗಿರಬಹುದು ಅತ್ತಿಗೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.